ಹತ್ತು ವರ್ಷ ಕುವೈತ್‌ನಲ್ಲಿ ಕಾಗದ ಇಲ್ಲದೆ ಇದ್ದೆ, ಈಗ ನಮ್ಮೂರಲ್ಲೂ ಕಾಗದ ಇಲ್ಲ. ಎಲ್ಲಿಂದ ಶುರು ಮಾಡಲಿ?

ಮುಳಬಾಗಿಲಿನವಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

2012ರಲ್ಲಿ ಮನೆಕೆಲಸಕ್ಕೆ ಅಂತ ಕುವೈತ್‌ಗೆ ಹೋದೆ. ಪಾಸ್‌ಪೋರ್ಟನ್ನು ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಮಾಲೀಕ, ಇಟ್ಟುಕೊಂಡ. ಕೊನೆಗೆ ಏಳು ತಿಂಗಳು ಸಂಬಳವನ್ನೇ ಕೊಡಲಿಲ್ಲ. 2014ರಲ್ಲಿ ಆ ಮನೆ ಬಿಟ್ಟು ಬಂದೆ. ಅವತ್ತಿನಿಂದ ಇಕಾಮಾ, ಅಂದರೆ ಅಲ್ಲಿ ಇರೋಕೆ ಬೇಕಾದ ಪರವಾನಗಿ, ಇಲ್ಲ. ಕುವೈತ್‌ನ ಜಲೀಬ್ ಅನ್ನೋ ಏರಿಯಾದಲ್ಲಿ ಕಡಪ ಕಡೆಯ ಆರು ಜನ ಹೆಂಗಸರ ಜೊತೆ ಒಂದೇ ರೂಮು, ಗಂಟೆ ಲೆಕ್ಕದಲ್ಲಿ ಮನೆಕೆಲಸ. ಚೆಕಿಂಗ್ ಇದೆ ಅಂತ ಗೊತ್ತಾದರೆ ರಾತ್ರಿ ಲೈಟ್ ಕೂಡ ಹಾಕುತ್ತಿರಲಿಲ್ಲ. ಜ್ವರ ಬಂದರೆ ಮಾತ್ರೆ ನುಂಗಿ ಮಲಗೋದು. ಆಸ್ಪತ್ರೆಯಲ್ಲಿ ಮೊದಲು ಕೇಳೋದೇ ಸಿವಿಲ್ ಐಡಿ, ಅಲ್ಲಿನ ಗುರುತಿನ ಚೀಟಿ.

2018ರಲ್ಲಿ ಅಲ್ಲಿನ ಸರ್ಕಾರ ಕಾಗದ ಇಲ್ಲದವರು ದಂಡ ಇಲ್ಲದೆ ಊರಿಗೆ ಹೋಗಲಿ ಅಂತ ಕ್ಷಮಾದಾನ ಕೊಟ್ಟಿತ್ತು. ಬಂದುಬಿಡಬಹುದಿತ್ತು. ಆದರೆ ತಮ್ಮ ಕಟ್ಟಿಸುತ್ತಿದ್ದ ಮನೆಯ ಸಾಲ ತೀರಿರಲಿಲ್ಲ. ಮರುವರ್ಷ ಅಮ್ಮ ತೀರಿಕೊಂಡರು. ಮಣ್ಣು ಹಾಕೋದನ್ನು ಫೋನಿನಲ್ಲಿ ನೋಡಿದೆ. ಮಧ್ಯದಲ್ಲಿ ನೆಟ್‌ವರ್ಕ್ ಹೋಯಿತು. ಮತ್ತೆ ಬರುವಷ್ಟರಲ್ಲಿ ಜನ ವಾಪಸ್ ಹೊರಟಿದ್ದರು.

2024ರಲ್ಲಿ ಮತ್ತೆ ಕ್ಷಮಾದಾನ ಬಂತು. ನಮ್ಮ ರಾಯಭಾರ ಕಚೇರಿಯಲ್ಲಿ ಔಟ್‌ಪಾಸ್ (ಪಾಸ್‌ಪೋರ್ಟ್ ಇಲ್ಲದವರಿಗೆ ಊರಿಗೆ ಬರೋಕೆ ಕೊಡುವ ಕಾಗದ) ಮಾಡಿಸಿಕೊಂಡು ಜೂನ್‌ನಲ್ಲಿ ಬಂದೆ. ಬಂದು ಎಂಟು ತಿಂಗಳಾಯಿತು.

ನಾನು ಹೋಗುವಾಗ ಆಧಾರ್ ಮಾಡಿಸಿರಲಿಲ್ಲ. ವೋಟರ್ ಲಿಸ್ಟಿಂದ ಹೆಸರು ತೆಗೆದಿದ್ದಾರೆ. ನನ್ನ ದುಡ್ಡಲ್ಲಿ ಎದ್ದ ಮನೆಯ ರೇಷನ್ ಕಾರ್ಡಲ್ಲೂ ನಾನಿಲ್ಲ. ಮೊನ್ನೆ ಕೋಲಾರದ ಬಸ್ಸಲ್ಲಿ ಹೆಂಗಸರೆಲ್ಲ ಆಧಾರ್ ತೋರಿಸಿ ಫ್ರೀ ಟಿಕೆಟ್ ತಗೊಂಡರು. ನಾನು ದುಡ್ಡು ಚಾಚಿದೆ. ಕಂಡಕ್ಟರ್ 'ಆಂಧ್ರದವರಾ ಅಮ್ಮಾ?' ಅಂದರು. ತಪ್ಪಾಗಿ ಕೇಳಲಿಲ್ಲ, ನಮ್ಮದು ಗಡಿ ಅಲ್ವಾ. ನನ್ನ ಮಾತಲ್ಲೂ ತೆಲುಗು ಜಾಸ್ತಿ ಸೇರಿಕೊಂಡಿದೆ. ಆದರೆ ಜಲೀಬ್‌ನಲ್ಲಿ ಯಾರೇ ಯಾವೂರು ಅಂತ ಕೇಳಲಿ, 'ಕುರುಡುಮಲೆ ಗಣಪತಿ ಕಡೆಯವಳು' ಅಂತ ಎದೆ ಎತ್ತಿ ಹೇಳುತ್ತಿದ್ದವಳು ನಾನು. ಆ ಬಸ್ಸಲ್ಲಿ ಬಾಯೇ ಬರಲಿಲ್ಲ.

ಯಾವ ಕಾಗದ ಮೊದಲು ಮಾಡಿಸಲಿ? ಹೀಗೇ ವಾಪಸ್ ಬಂದವರು ಯಾರಾದರೂ ಇದ್ದೀರಾ?

ಗ್ರಾಮ ಒನ್ ಹುಡುಗ:

ಅಕ್ಕಾ, ಮೊದಲು ನೀವು ಓದಿದ ಶಾಲೆಗೆ ಹೋಗಿ. ದಾಖಲಾತಿ ರಿಜಿಸ್ಟರ್ ನೋಡಿಸಿ ಟಿಸಿ ನಕಲು ಕೇಳಿ. ಆಮೇಲೆ ನಾಡಕಚೇರಿಯಲ್ಲಿ ವಾಸಸ್ಥಳ ದೃಢೀಕರಣಕ್ಕೆ ಅರ್ಜಿ ಹಾಕಿ.

ವೋಟರ್ ಪಟ್ಟಿಗೆ ಫಾರಂ 6. ಆಧಾರ್ ಇಲ್ಲ ಅಂತ ಅದರಲ್ಲೇ ತಿಳಿಸಬಹುದು, ಅದಕ್ಕೋಸ್ಕರ ಕಾಯಬೇಡಿ. ಫ್ರೀ ಬಸ್ಸಿಗೆ ನಮ್ಮ ರಾಜ್ಯದ ವಿಳಾಸ ಇರುವ ವೋಟರ್ ಕಾರ್ಡೂ ನಡೆಯುತ್ತದೆ. ಹೊಸ ಆಧಾರ್‌ಗೆ ಕಳೆದ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು, ನಿಮಗೆ ಅದು ಆಗಿದೆ. ದೊಡ್ಡವರಿಗೆ ಪರಿಶೀಲನೆ ಜಾಸ್ತಿ, ತಿಂಗಳುಗಟ್ಟಲೆ ಹಿಡಿಯಬಹುದು. ರೇಷನ್ ಕಾರ್ಡ್ ಅದಾದ ಮೇಲೆ. ಔಟ್‌ಪಾಸ್ ಪ್ರತಿ, ಹಳೇ ಪಾಸ್‌ಪೋರ್ಟ್ ನಂಬರ್ ಜೋಪಾನ.

ಚಿಂತಾಮಣಿ ಸೊಸೆ:

ನಾನೂ ಕುವೈತ್‌ನಿಂದ ಬಂದವಳೇ ಅಕ್ಕಾ. ಒಂದು ವರ್ಷ ಪೊಲೀಸ್ ಜೀಪ್ ಕಂಡರೆ ರಸ್ತೆ ದಾಟಿ ಆ ಕಡೆ ಹೋಗುತ್ತಿದ್ದೆ. ನಮ್ಮ ಊರಲ್ಲೇ! ಮನೆಯೊಳಗೇ ಕೂತರೆ ಅದು ಹೋಗಲ್ಲ. ನಾನು ಟೊಮೆಟೊ ಬಿಡಿಸೋಕೆ ಕೂಲಿಗೆ ಹೋದೆ. ಸಾಲಿನಲ್ಲಿ ಹತ್ತು ಹೆಂಗಸರು, ದಿನಾ ಹೆಸರು ಹಿಡಿದು ಕರೆಯೋರು. ಅಲ್ಲಿ ಹತ್ತು ವರ್ಷ ನಮ್ಮನ್ನು ಹೆಸರು ಹಿಡಿದು ಕರೆದವರು ಎಷ್ಟು ಜನ ಹೇಳಿ? ರೇಷನ್ ಕಾರ್ಡ್ ವಿಷಯ ತಮ್ಮನ ಹೆಂಡತಿ ಹತ್ರ ಬಿಚ್ಚಿ ಮಾತಾಡಿ. ಮನಸ್ಸಲ್ಲೇ ಇಟ್ಟುಕೊಳ್ಳಬೇಡಿ.

ಮುಳಬಾಗಿಲಿನವಳು:

ಶಾಲೆಗೆ ಹೋಗಿದ್ದೆ. ಮೇಷ್ಟ್ರು ಹಳೇ ರಿಜಿಸ್ಟರ್ ಹುಡುಕಿಸಿದರು. 1986ರ ಪುಟದಲ್ಲಿ ನನ್ನ ಹೆಸರಿದೆ, ಅಪ್ಪನ ಹೆಸರಿದೆ. ಪಕ್ಕದಲ್ಲಿ ಅಮ್ಮನ ಹೆಬ್ಬೆಟ್ಟು. ಅಮ್ಮನೇ ನನ್ನನ್ನು ಸೇರಿಸಿದ್ದು ಅಂತ ನನಗೆ ಗೊತ್ತೇ ಇರಲಿಲ್ಲ. ಫೋಟೋ ತೆಗೆದುಕೊಳ್ಳಲಾ ಅಂತ ಕೇಳಿದೆ. ಮೇಷ್ಟ್ರು ಪುಟವನ್ನು ಬೆಳಕಿಗೆ ಹಿಡಿದರು.

ಸೋಮವಾರ ನಾಡಕಚೇರಿಗೆ. ತಮ್ಮ ಬೈಕಲ್ಲಿ ಬಿಡ್ತೀನಿ ಅಂದ. ಬೇಡ, ಬಸ್ಸಲ್ಲೇ ಹೋಗ್ತೀನಿ ಅಂದೆ.