ಫೀಸು ಕೈ ಮೀರುತ್ತಿದೆ, ಮಗಳನ್ನು 6ನೇ ಕ್ಲಾಸಿಗೆ ಸರ್ಕಾರಿ ಶಾಲೆಗೆ ಸೇರಿಸಬಹುದಾ?

ಟೈಲರ್ ಅಮ್ಮ, ತಿಪಟೂರು

ಎಲ್ಲರಿಗೂ ನಮಸ್ಕಾರ. ನಮ್ಮವರು ಇಲ್ಲಿನ ಕೊಬ್ಬರಿ ಮಂಡಿಯಲ್ಲಿ ತೂಕದ ಕೆಲಸ ಮಾಡುತ್ತಾರೆ. ನಾನು ಮನೆಯ ಮುಂದಿನ ರೂಮಲ್ಲಿ ಬ್ಲೌಸು, ಚೂಡಿದಾರ ಹೊಲಿಯುತ್ತೇನೆ. ಮಗಳು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ 5ನೇ ಕ್ಲಾಸು. ಮಗ ಮುಂದಿನ ವರ್ಷ 1ನೇ ಕ್ಲಾಸಿಗೆ ಹೋಗಬೇಕು.

ಈ ವರ್ಷ ಮಗಳ ಫೀಸು 42,000. ಲೈನಿಂಗ್ ಬ್ಲೌಸಿಗೆ ನಾನು ತಗೊಳ್ಳೋದು 350. ಅಂದರೆ 120 ಬ್ಲೌಸು. ಅದೂ ಬಟ್ಟೆ, ದಾರ, ಹುಕ್ಕು, ಕರೆಂಟು ಯಾವುದನ್ನೂ ಲೆಕ್ಕಕ್ಕೆ ಹಿಡಿಯದೆ. ಇದರ ಮೇಲೆ ವ್ಯಾನಿಗೆ ತಿಂಗಳಿಗೆ 1,300. ಪುಸ್ತಕ, ನೋಟ್‌ಬುಕ್ಕು ಶಾಲೆಯಲ್ಲೇ ತಗೊಳ್ಳಬೇಕು, 6,800. ಸ್ಮಾರ್ಟ್ ಕ್ಲಾಸ್ ಅಂತ 3,500. ಅದಕ್ಕೆ ರಸೀದಿ ಇಲ್ಲ, ಬಿಳಿ ಚೀಟಿಯಲ್ಲಿ ಬರೆದು ಕೊಡುತ್ತಾರೆ, ಸೀಲೂ ಇರೋದಿಲ್ಲ.

ಹೊಟ್ಟೆ ಉರಿಯೋದು ಯೂನಿಫಾರಂ ನೋಡಿದಾಗ. ಒಂದು ಜೊತೆಗೆ 1,450. ಅವರು ಹೇಳಿದ ಅಂಗಡಿಯಲ್ಲೇ ತಗೊಳ್ಳಬೇಕು. ಕಂಕುಳ ಹತ್ತಿರ ಒಂದೇ ಸಾಲು ಹೊಲಿಗೆ, ಓವರ್‌ಲಾಕ್ ಇಲ್ಲ, ತಂದ ತಿಂಗಳಲ್ಲೇ ಬಿಟ್ಟುಕೊಂಡಿತು. ಫ್ರಾಕಿನ ಕೆಳಗೆ ಮಡಿಕೆಗೆ ಬಟ್ಟೆಯನ್ನೇ ಬಿಟ್ಟಿಲ್ಲ. ಮಗು ಸ್ವಲ್ಪ ಎತ್ತರ ಆದರೂ ಬಿಚ್ಚಿ ಇಳಿಸೋಕೆ ಬರಲ್ಲ. ನಾನು ಹೊಲಿದರೆ ಮೂರು ಇಂಚು ಒಳಗೆ ಬಿಡುತ್ತೇನೆ, ಎರಡು ವರ್ಷ ನಿಶ್ಚಿಂತೆ. ಅದೇ ಬಣ್ಣದ ಬಟ್ಟೆ ತಂದು ನಾನೇ ಹೊಲಿಯುತ್ತೇನೆ ಅಂದರೆ ಆಫೀಸಿನವರು ಒಪ್ಪಲಿಲ್ಲ, ರೂಲ್ಸ್ ಅಂದರು. ಊರವರ ಮಕ್ಕಳಿಗೆಲ್ಲ ಹೊಲಿಯುವ ನಾನು ನನ್ನ ಮಗಳ ಯೂನಿಫಾರಂ ಹೊಲಿಯೋ ಹಾಗಿಲ್ಲ!

ಎರಡನೇ ಕಂತು ಕಟ್ಟೋದು ತಡವಾಯಿತು. ಪ್ರೇಯರ್ ಹೊತ್ತಲ್ಲಿ ಬಾಕಿ ಇರುವ ಮಕ್ಕಳ ಹೆಸರು ಓದಿ ಎಲ್ಲರೆದುರು ನಿಲ್ಲಿಸಿದ್ದಾರೆ. ಆವತ್ತಿಂದ ಅವಳಿಗೆ ಶಾಲೆ ಅಂದರೆ ಬೇಡ.

ಮುಂದಿನ ವರ್ಷ ಸರ್ಕಾರಿ ಶಾಲೆಗೆ ಹಾಕೋಣ ಅಂತ ನಾನು. ಓದು ಹಾಳಾಗುತ್ತೆ ಅಂತ ನಮ್ಮತ್ತೆಗೆ ಭಯ. ಬಾಕಿ ತೀರಿಸದೆ ಟಿಸಿ ಕೊಡಲ್ಲ ಅಂತ ಶಾಲೆಯವರು ಈಗಲೇ ಹೇಳಿದ್ದಾರೆ. ಅನುಭವ ಇರೋರು ದಯವಿಟ್ಟು ಹೇಳಿ.

ನಿವೃತ್ತ ಮೇಷ್ಟ್ರು

ತಾಯಿ, ಮೊದಲು ಯೂನಿಫಾರಂ ವಿಷಯ ಹೇಳುತ್ತೇನೆ, ಯಾಕೆಂದರೆ ರೂಲ್ಸ್ ಇರೋದು ನಿಮ್ಮ ಕಡೆಗೇ. ನಮ್ಮ ರಾಜ್ಯದ ಶಿಕ್ಷಣ ಕಾಯ್ದೆಯ ಕೆಳಗೆ 1995ರಲ್ಲಿ ಮಾಡಿದ ಪಠ್ಯಕ್ರಮದ ನಿಯಮಗಳಿವೆ. ಅದರಲ್ಲಿ 11ನೆಯದು ಯೂನಿಫಾರಂದು. ಶಾಲೆ ಹೇಳಿದ ಅಂಗಡಿಯಲ್ಲಿ ಬಟ್ಟೆ ತಗೊಳ್ಳೋದು, ಶಾಲೆ ಹೇಳಿದ ಟೈಲರ್ ಹತ್ತಿರ ಹೊಲಿಸೋದು, ಎರಡೂ ಪೋಷಕರ ಇಷ್ಟ. ಬಲವಂತ ಮಾಡುವ ಹಾಗಿಲ್ಲ ಅಂತ ನೇರವಾಗಿ ಬರೆದಿದೆ. ಒಮ್ಮೆ ಗೊತ್ತು ಮಾಡಿದ ಯೂನಿಫಾರಂ ಐದು ವರ್ಷ ಬದಲಾಯಿಸುವಂತಿಲ್ಲ, ಬದಲಾಯಿಸುವುದಾದರೆ ಒಂದು ವರ್ಷ ಮೊದಲೇ ತಿಳಿಸಬೇಕು. ಆ ನಿಯಮದ ಪ್ರತಿ ಹಿಡಿದು ಹೋಗಿ. ನೀವೇ ಹೊಲಿಯಿರಿ.

ಟಿಸಿ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, 8ನೇ ತರಗತಿಯೊಳಗಿನ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುತ್ತೇನೆ ಅಂದರೆ ಹಳೇ ಶಾಲೆಯ ಹೆಡ್‌ಮಾಸ್ಟರು ತಕ್ಷಣ ಟಿಸಿ ಕೊಡಬೇಕು. ಟಿಸಿ ತಡವಾಯಿತು ಅಂತ ಹೊಸ ಶಾಲೆಯವರು ಸೇರಿಸಿಕೊಳ್ಳದೆ ಇರುವ ಹಾಗೂ ಇಲ್ಲ. ಕಾಗದದ ಟಿಸಿ ಜೊತೆಗೆ ಸ್ಯಾಟ್ಸ್‌ನಲ್ಲಿ, ಅಂದರೆ ಶಿಕ್ಷಣ ಇಲಾಖೆ ಮಕ್ಕಳ ದಾಖಲೆ ಇಡುವ ವೆಬ್‌ಸೈಟಿನಲ್ಲಿ, ಆನ್‌ಲೈನ್ ವರ್ಗಾವಣೆಯನ್ನೂ ಮಾಡಿಸಿಕೊಳ್ಳಿ, ಎಷ್ಟೋ ಕಡೆ ಸಿಕ್ಕಿಹಾಕಿಕೊಳ್ಳೋದು ಅಲ್ಲೇ. ಬಾಕಿ ಹಣದ ಲೆಕ್ಕ ಬೇರೆ. ಕೊಡಬೇಕಾದ್ದು ಕೊಡಿ, ಆದರೆ ರಸೀದಿ ಇಲ್ಲದೆ ಕೊಡಬೇಡಿ.

ಮಗುವನ್ನು ಎಲ್ಲರೆದುರು ನಿಲ್ಲಿಸಿದ್ದು ನನಗೆ ತಡೆಯೋಕಾಗಲಿಲ್ಲ. ಅದೇ ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯೋದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಫೀಸು ಕಟ್ಟಬೇಕಾದ್ದು ಅಪ್ಪ ಅಮ್ಮ. ಹತ್ತು ವರ್ಷದ ಹುಡುಗಿಯ ಹತ್ತಿರ ವಸೂಲಿ ಮಾಡೋದೇ? ಬಿಇಒಗೆ, ಅಂದರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆಯಿರಿ.

ಹಾಸನದ ಅಪ್ಪ

ಅಕ್ಕಾ, ನಾನು ಗೂಡ್ಸ್ ಆಟೋ ಓಡಿಸುತ್ತೇನೆ. ಮಗನನ್ನು 6ನೇ ಕ್ಲಾಸಿಗೇ ಖಾಸಗಿ ಬಿಡಿಸಿ ಕರ್ನಾಟಕ ಪಬ್ಲಿಕ್ ಶಾಲೆಗೆ ಹಾಕಿದೆ, ಅದೂ ಸರ್ಕಾರಿ ಶಾಲೆಯೇ. ಪುಸ್ತಕ, ಯೂನಿಫಾರಂ, ಶೂ, ಬಿಸಿಯೂಟ ಎಲ್ಲ ಅಲ್ಲೇ. ಕನ್ನಡ ಓದೋದು ಮೊದಲಿಗಿಂತ ಚೆನ್ನಾಗಿದೆ, ಈಗ ಬೋರ್ಡು, ಪೇಪರು ಕಂಡಲ್ಲೆಲ್ಲ ಓದುತ್ತಾನೆ.

ಎಲ್ಲಾ ಚೆನ್ನಾಗಿದೆ ಅಂತ ಸುಮ್ನೆ ಹೇಳಲ್ಲ. ಗಣಿತದ ಮೇಷ್ಟ್ರ ಹುದ್ದೆ ಖಾಲಿ ಇತ್ತು, ಅತಿಥಿ ಶಿಕ್ಷಕರು ಬರೋ ಹೊತ್ತಿಗೆ ಮಕ್ಕಳು ಎರಡು ಪಾಠ ಹಿಂದೆ ಬಿದ್ದಿದ್ದರು. ಅದಕ್ಕೆ ಶಾಲೆ ನೋಡೋಕೆ ಹೋದಾಗ ಬಿಲ್ಡಿಂಗ್ ನೋಡಬೇಡಿ. ಗಣಿತ, ಇಂಗ್ಲಿಷ್, ವಿಜ್ಞಾನಕ್ಕೆ ಕಾಯಂ ಟೀಚರ್ ಇದ್ದಾರಾ ಕೇಳಿ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತಾ, ನೀವೇ ಒಳಗೆ ಹೋಗಿ ನಲ್ಲಿ ತಿರುಗಿಸಿ ನೋಡಿ. 6ನೇ ಕ್ಲಾಸಿನ ಯಾವುದಾದರೂ ಮಗುವಿನ ನೋಟ್‌ಬುಕ್ ಕೇಳಿ, ತಿದ್ದಿದ್ದಾರಾ ಗೊತ್ತಾಗುತ್ತೆ. ಮೀಡಿಯಂ ಯಾವುದು ಅಂತಲೂ ಕೇಳಿ, ಎಲ್ಲ ಕಡೆ ಇಂಗ್ಲಿಷ್ ವಿಭಾಗ ಇಲ್ಲ. ಸೇರಿಸಿದ ಮೇಲೆ ಎಸ್‌ಡಿಎಂಸಿ, ಅಂದರೆ ಪೋಷಕರೂ ಇರುವ ಶಾಲಾ ಸಮಿತಿಯ ಸಭೆಗೆ ಹೋಗಿ. ಖಾಸಗಿ ಶಾಲೆಯಲ್ಲಿ ನಮ್ಮನ್ನು ಕೌಂಟರ್ ದಾಟಿ ಒಳಗೆ ಬಿಡುತ್ತಿರಲಿಲ್ಲ, ಇಲ್ಲಿ ಕೂತು ಮಾತಾಡಬಹುದು.

ಕಾಲೇಜು ಗುಮಾಸ್ತೆ

ನಾನು ಅಡ್ಮಿಷನ್ ಕೌಂಟರಿನಲ್ಲಿ ಕೂರುತ್ತೇನೆ. ಪ್ರೈಮರಿಯಲ್ಲೇ ಇದ್ದಬದ್ದದ್ದೆಲ್ಲ ಸುರಿದು, ಕಾಲೇಜಿಗೆ ಬರುವಾಗ ಒಡವೆ ಅಡ ಇಟ್ಟು ಬರುವ ಅಮ್ಮಂದಿರನ್ನು ಪ್ರತಿ ವರ್ಷ ನೋಡುತ್ತೇನೆ. ನಿಮ್ಮ ಮಗನ ವಿಷಯ ಇನ್ನೂ ನಿಮ್ಮ ಕೈಯಲ್ಲಿದೆ, ಅದಕ್ಕೇ ಹೇಳುತ್ತಿದ್ದೇನೆ. 1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಎಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿಯ ಸೀಟುಗಳಲ್ಲಿ 5% ಮೀಸಲಾತಿ ಇದೆ. ಹತ್ತೂ ವರ್ಷ ಹಳ್ಳಿ ಶಾಲೆಯಲ್ಲಿ ಓದಿದವರಿಗೆ 15%. ತಿಪಟೂರು ಪೇಟೆಯೊಳಗಿನ ಶಾಲೆ ಹಳ್ಳಿ ಲೆಕ್ಕಕ್ಕೆ ಬರಲ್ಲ. ಮಗಳು ಇಂಗ್ಲಿಷ್ ಮೀಡಿಯಂ ಆದ್ದರಿಂದ ಅವಳಿಗೆ ಕನ್ನಡ ಮಾಧ್ಯಮದ್ದು ಸಿಗಲ್ಲ.

ಅವಳಿಗೆ ಮುಂದೆ ಎಂಜಿನಿಯರಿಂಗ್ ಮನಸ್ಸಿದ್ದರೆ ಎಸ್‌ಎನ್‌ಕ್ಯೂ ಅಂತ ಒಂದಿದೆ. ಸೀಟುಗಳ ಮೇಲೆ ಹೆಚ್ಚುವರಿ 5%. ಮನೆಯ ವರ್ಷದ ಆದಾಯ 8 ಲಕ್ಷದೊಳಗಿದ್ದು ರ‍್ಯಾಂಕ್ ಚೆನ್ನಾಗಿದ್ದರೆ ಬೋಧನಾ ಶುಲ್ಕ ಮಾಫಿ. ಬೇರೆ ಫೀಸು ಕಟ್ಟಬೇಕಾಗುತ್ತದೆ.

ಈಗ 5ನೇ ಕ್ಲಾಸು ಅಂದಿರಲ್ಲ, ಕೇಂದ್ರ ಸರ್ಕಾರದ ವಸತಿ ಶಾಲೆ ನವೋದಯಕ್ಕೆ ಅರ್ಜಿ ಹಾಕಿದ್ದೀರಾ? 6ನೇ ಕ್ಲಾಸಿನ ಪರೀಕ್ಷೆ ಜೀವಮಾನದಲ್ಲಿ ಒಂದೇ ಸಲ ಬರೆಯೋಕೆ ಬಿಡುತ್ತಾರೆ. ಊಟ, ವಸತಿ, ಪುಸ್ತಕ ಎಲ್ಲ ಉಚಿತ. ಅರ್ಜಿಗೂ ದುಡ್ಡಿಲ್ಲ.

ಟೈಲರ್ ಅಮ್ಮ, ತಿಪಟೂರು

ಎಲ್ಲರಿಗೂ ತುಂಬಾ ಧನ್ಯವಾದ. 11ನೇ ನಿಯಮ ಓದಿ ನಮ್ಮವರಿಗೂ ತೋರಿಸಿದೆ. ನವೋದಯದ ಅರ್ಜಿ ನಮ್ಮ ನಾದಿನಿ ಮೊದಲೇ ಹಾಕಿಸಿದ್ದಾಳೆ. ಅಷ್ಟು ದೂರ ಹಾಸ್ಟೆಲಿಗೆ ಕಳಿಸೋಕೆ ಮನಸ್ಸು ಒಪ್ಪುತ್ತಿಲ್ಲ, ಆದರೂ ಪರೀಕ್ಷೆ ಬರೆಸುತ್ತೇನೆ. ಮಗನನ್ನು ಕನ್ನಡ ಶಾಲೆಗೇ ಹಾಕೋದು ಅಂತ ಮನೆಯಲ್ಲಿ ಮಾತಾಯಿತು, ಅತ್ತೆಯೂ ಹೂಂ ಅಂದರು. ಮಗಳಿಗೆ ಇಲ್ಲಿನ ಎರಡು ಶಾಲೆ ನೋಡಿ ಬರುತ್ತೇನೆ, ಹಾಸನದ ಅಣ್ಣ ಹೇಳಿದ್ದನ್ನೆಲ್ಲ ಕೇಳಿಕೊಂಡು.

ಮೇಷ್ಟ್ರೇ, ಟಿಸಿ ಅರ್ಜಿ ಹೇಗೆ ಬರೆಯಬೇಕು? ಬಾಯಲ್ಲಿ ಕೇಳಿದರೆ ಆಮೇಲೆ ಬನ್ನಿ ಅಂತ ಸಾಗಹಾಕುತ್ತಾರೆ.

ನಿವೃತ್ತ ಮೇಷ್ಟ್ರು

ಕನ್ನಡದಲ್ಲೇ ಬರೆಯಿರಿ, ಐದು ಸಾಲು ಸಾಕು. ಮಗುವಿನ ಹೆಸರು, ತರಗತಿ, ಸ್ಯಾಟ್ಸ್ ನಂಬರು, ಸೇರಲಿರುವ ಸರ್ಕಾರಿ ಶಾಲೆಯ ಹೆಸರು. ಕೊನೆಗೆ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿಸಿ ಕೊಡಬೇಕಾಗಿ ಕೋರಿಕೆ ಅಂತ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲ್, ಸಹಿ, ತಾರೀಖು ಹಾಕಿಸಿಕೊಂಡು ಬನ್ನಿ. ತಗೊಳ್ಳೋಕೆ ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಬಿಇಒ ಕಚೇರಿಗೂ ಒಂದು ಪ್ರತಿ ಹಾಕಿ.