ಕ್ಯಾಮ್ರಿನಾ, ಸೂಪರ್ಬಾ? ಮಲೆನಾಡಲ್ಲಿ ಓಡಿಸಿದವರು ಹೇಳಿ

ಕೇಳಿದವರು: ಮೂಡಿಗೆರೆ ಕಡೆಯವನು

ಎಲ್ಲರಿಗೂ ನಮಸ್ಕಾರ. ಮೂಡಿಗೆರೆಯಿಂದ ಹತ್ತು ಕಿಲೋಮೀಟರ್ ಒಳಗೆ ನಮ್ಮ ತೋಟ. ಎರಡು ವರ್ಷದಿಂದ ಕಾಫಿಗೆ ಒಳ್ಳೆ ರೇಟ್ ಸಿಕ್ಕಿ ಸಾಲ ಸ್ವಲ್ಪ ಇಳಿದ ಮೇಲೆ ಮನೆಯಲ್ಲಿ ಕಾರಿನ ಮಾತು ಎದ್ದಿದೆ. ಅಪ್ಪನಿಗೆ 74, ಎರಡೂ ಮಂಡಿ ನೋವು. ತಿಂಗಳಿಗೊಮ್ಮೆ ಚಾರ್ಮಾಡಿ ಇಳಿದು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಆಗಾಗ ಬೆಂಗಳೂರಿಗೆ, ತಂಗಿ ಮನೆಗೆ. ವರ್ಷಕ್ಕೆ ಒಟ್ಟು 12,000 ಕಿಮೀ ಆದೀತು. ತೋಟದ ಕೆಲಸಕ್ಕೆ ಜೀಪ್ ಇದೆ.

ನೋಡಿಟ್ಟಿರುವುದು ಎರಡು, ಎರಡೂ ಸೆಕೆಂಡ್ ಹ್ಯಾಂಡ್. 2020ರ ಟೊಯೊಟಾ ಕ್ಯಾಮ್ರಿ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆ ಕರೆಂಟ್ ಮೋಟಾರೂ ಇರುವುದು) ಒಂದು, 2021ರ ಸ್ಕೋಡಾ ಸೂಪರ್ಬ್ 2.0 ಪೆಟ್ರೋಲ್ ಇನ್ನೊಂದು. ಎರಡರ ರೇಟಿಗೂ ಅಂಥ ವ್ಯತ್ಯಾಸ ಇಲ್ಲ. ದಯವಿಟ್ಟು ಎತ್ತರದ ಗಾಡಿ ತಗೊಳ್ಳಿ ಅನ್ನಬೇಡಿ. ಅಪ್ಪನಿಗೆ ಹತ್ತಲು ಆಗಲ್ಲ, ಮೇಲಾಗಿ ಅವರ ಪ್ರಕಾರ ಹಿಂದೆ ಡಿಕ್ಕಿ ಇಲ್ಲದ್ದು ಕಾರೇ ಅಲ್ಲ. ಘಾಟಿ, ಮಳೆ, ತೋಟದ ರಸ್ತೆ, ಈ ಮೂರಕ್ಕೆ ಯಾವುದು ಆದೀತು? ಓಡಿಸಿದವರು ಹೇಳಿದರೆ ಉಪಕಾರ.

ಸಕಲೇಶಪುರದಿಂದ, ಐದು ವರ್ಷದಿಂದ ಕ್ಯಾಮ್ರಿ ಇಟ್ಟವರು

ನಿಮ್ಮದೇ ಕಥೆ ನಮ್ಮದೂ, ಅಪ್ಪನ ಜಾಗದಲ್ಲಿ ಅಮ್ಮ ಅಷ್ಟೆ. ಇಲ್ಲಿಯವರೆಗೆ 78,000 ಕಿಮೀ ಓಡಿದೆ.

ಮೊದಲು ಘಾಟಿ ವಿಷಯ, ಯಾಕಂದರೆ ಇದನ್ನು ಶೋರೂಮಿನವರು ಯಾರೂ ಹೇಳಲ್ಲ. ಹೈಬ್ರಿಡ್‌ನಲ್ಲಿ ಇಳಿಜಾರು ಬಂದರೆ ಮೋಟಾರೇ ಡೈನಮೋ ಥರ ತಿರುಗಿ ಬ್ಯಾಟರಿ ತುಂಬಿಸುತ್ತದೆ, ಗಾಡಿಯನ್ನೂ ಹಿಡಿಯುತ್ತದೆ. ಶಿರಾಡಿಯಲ್ಲಿ ದೋಣಿಗಲ್ ದಾಟಿ ಮಾರನಹಳ್ಳಿ ಕಡೆ ಇಳಿಯುವಾಗ ಪರದೆ ಮೇಲೆ ಬ್ಯಾಟರಿ ಗೆರೆಗಳು ಒಂದೊಂದೇ ಏರುವುದು ನೋಡಲು ಖುಷಿ. ಆದರೆ ಆ ಬ್ಯಾಟರಿ ಚಿಕ್ಕದು. ಕೆಲವೇ ಕಿಲೋಮೀಟರಿಗೆ ತುಂಬಿಬಿಡುತ್ತದೆ. ತುಂಬಿದ ಮೇಲೆ ಗಾಡಿ ಹಿಡಿಯುವ ಕೆಲಸ ಇಂಜಿನ್ನಿಗೆ ಬರುತ್ತದೆ. ಆಕ್ಸಿಲೇಟರ್ ಮೇಲೆ ಕಾಲೇ ಇಲ್ಲ, ಇಂಜಿನ್ ಮಾತ್ರ ಗೊಂಯ್ ಅಂತ ಕೂಗುತ್ತದೆ. ಮೊದಲ ಸಲ ನಾನು ಹೆದರಿ ಗಾಡಿ ಬದಿಗೆ ಹಾಕಿ ಬಾನೆಟ್ ಎತ್ತಿದ್ದೆ. ಏನೂ ಆಗಿರಲಿಲ್ಲ, ಅದು ಇರುವುದೇ ಹಾಗೆ. ಚಾರ್ಮಾಡಿಯಲ್ಲೂ ಇದೇ ಆಗುತ್ತದೆ, ಗಾಬರಿ ಬೇಡ. ಹತ್ತುವಾಗ ಜೋರಾಗಿ ಒತ್ತಿದರೂ ಅದೇ ರಾಗ. ಗಾಡಿ ಹೋಗುತ್ತದೆ, ಇಂಜಿನ್, ಮೋಟಾರ್ ಎರಡೂ ಸೇರಿ 218 ಪಿಎಸ್ ಶಕ್ತಿ ಇದೆ, ಆದರೆ ಶಬ್ದ ಮುಂದೆ, ಓಟ ಹಿಂದೆ ಅನ್ನಿಸುತ್ತದೆ. ಮೆತ್ತಗೆ ಹೋಗುವವರಿಗೆ ಇದು ಗೊತ್ತೇ ಆಗಲ್ಲ.

ಎರಡನೆಯದು ನನ್ನದೇ ತಪ್ಪು. ಒಂದು ಆಷಾಢದಲ್ಲಿ ಮೂರು ವಾರ ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಅಮ್ಮನಿಗೆ ಹುಷಾರಿಲ್ಲ ಅಂತ ಬೆಳಗಿನ ಜಾವ ಹೊರಟರೆ ಬಾಗಿಲೇ ತೆಗೆಯಲಿಲ್ಲ. ಹೈಬ್ರಿಡ್‌ನಲ್ಲಿ ದೊಡ್ಡ ಬ್ಯಾಟರಿ ಇದ್ದರೂ ಗಾಡಿ ಎಚ್ಚರವಾಗುವುದು ಡಿಕ್ಕಿಯಲ್ಲಿರುವ ಮಾಮೂಲಿ 12 ವೋಲ್ಟ್ ಬ್ಯಾಟರಿಯಿಂದ. ಅದು ಮಲಗಿದರೆ ಎಲ್ಲವೂ ಮಲಗಿತು. ರಿಮೋಟ್ ಒಳಗೊಂದು ಪುಟ್ಟ ಕಬ್ಬಿಣದ ಕೀ ಅಡಗಿರುತ್ತದೆ ಅನ್ನುವುದೂ ನನಗೆ ಆವತ್ತೇ ಗೊತ್ತಾಗಿದ್ದು, ಟಾರ್ಚ್ ಹಿಡಿದು ಪುಸ್ತಕ ಓದಿ. ಈಗ ಮಳೆಗಾಲದಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಗಾಡಿ ಚಾಲೂ ಮಾಡಿ, ಪರದೆ ಮೇಲೆ 'ರೆಡಿ' ಅಂತ ಬಂದ ಮೇಲೆ ಹಾಗೇ ನಿಲ್ಲಿಸುತ್ತೇನೆ.

ಮನೆಯಲ್ಲಿ ನಾಯಿ ಇದ್ದರೆ ಇನ್ನೊಂದು. ಹೈಬ್ರಿಡ್ ಬ್ಯಾಟರಿ ಇರುವುದು ಹಿಂದಿನ ಸೀಟಿನ ಅಡಿ, ಅದಕ್ಕೆ ತಂಪು ಗಾಳಿ ಹೋಗುವ ಜಾಲರಿ ಸೀಟಿನ ಕೆಳಭಾಗದಲ್ಲಿ. ನಾಯಿ ಕೂದಲು, ಕಣದ ಧೂಳು ಅಲ್ಲೇ ಮೆತ್ತುತ್ತದೆ. ಸರ್ವಿಸಿನಲ್ಲಿ ಅದರ ಫಿಲ್ಟರ್ ತೆಗೆಸಿ ನೋಡಿ, ನಮ್ಮದರಲ್ಲಿ ಒಂದು ಹಿಡಿ ಸಿಕ್ಕಿತು. ಆ ಜಾಲರಿಗೆ ಅಡ್ಡ ಬ್ಯಾಗ್, ರಗ್ಗು ಇಡಬೇಡಿ. ಬ್ಯಾಟರಿಗೆ ಟೊಯೊಟಾ 8 ವರ್ಷ ಅಥವಾ 1,60,000 ಕಿಮೀ ವಾರಂಟಿ ಹೇಳುತ್ತದೆ. ನೀವು ನೋಡಿದ ಗಾಡಿಯ ಚಾಸಿ ನಂಬರ್ ಕೊಟ್ಟು ಎಷ್ಟು ಉಳಿದಿದೆ ಅಂತ ಬರವಣಿಗೆಯಲ್ಲೇ ತಗೊಳ್ಳಿ, ಬಾಯಿಮಾತು ಬೇಡ.

ಅಮ್ಮ ಏನು ಹೇಳುತ್ತಾರೆ ಅಂದರೆ, "ಇದರಲ್ಲಿ ನಿದ್ದೆ ಬರುತ್ತೆ." ಹಿಂದಿನ ಸೀಟಿನ ಬೆನ್ನು ಸ್ವಲ್ಪ ಒರಗುತ್ತದೆ, ನಡುವಿನ ಕೈಯೊರಗಿನಲ್ಲೇ ಎಸಿ, ಹಾಡಿನ ಗುಂಡಿ. ಹಾಸನದಲ್ಲಿ ಕಣ್ಣು ಮುಚ್ಚಿದರೆ ಯಡಿಯೂರಲ್ಲಿ ಕಾಫಿಗೇ ಎಬ್ಬಿಸಬೇಕು.

ಚಿಕ್ಕಮಗಳೂರಿನಿಂದ, ಸೂಪರ್ಬ್ ಇಟ್ಟವರು

ಮೇಲಿನವರು ಹೇಳಿದ್ದೆಲ್ಲಾ ನಿಜ ಇರಬಹುದು, ಆದರೆ ಗಾಡಿ ಓಡಿಸುವವನೂ ಒಬ್ಬ ಮನುಷ್ಯ ಅಲ್ಲವಾ! ಕೈಮರದಿಂದ ಮೇಲಕ್ಕೆ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಆರಕ್ಕೆ, ಟೂರಿಸ್ಟ್‌ಗಳು ಬರುವ ಮೊದಲು, ಒಂದು ಸಲ ಸೂಪರ್ಬ್ ಹತ್ತಿಸಿ ನೋಡಿ. ಆಮೇಲೆ ಮಾತಾಡೋಣ.

ಮೊದಲು ಗೇರ್‌ಬಾಕ್ಸ್. ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಅಂದ ಕೂಡಲೇ ಹೆದರಿಸುವವರು ಸಿಕ್ಕೇ ಸಿಗುತ್ತಾರೆ. ಹಳೆ 1.8 ಪೆಟ್ರೋಲಿನಲ್ಲಿ ಬರುತ್ತಿದ್ದುದು ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ್ದು) ಇರುವ 7 ಗೇರಿನದು. ಆ ಗೇರ್‌ಬಾಕ್ಸಿಗೆ ತಡೆದುಕೊಳ್ಳುವ ಮಿತಿ ಇದ್ದುದರಿಂದ ಅದೇ ಇಂಜಿನ್ನಿನ ಎಳೆಯುವ ಬಲ ಮ್ಯಾನುಯಲ್‌ನಲ್ಲಿ 320 ಎನ್‌ಎಂ, ಆಟೋಮ್ಯಾಟಿಕ್‌ನಲ್ಲಿ 250 ಎನ್‌ಎಂ. 2020ರಲ್ಲಿ ಬಂದ 2.0 ಪೆಟ್ರೋಲಿನದು 190 ಪಿಎಸ್, 320 ಎನ್‌ಎಂ, ಗೇರ್‌ಬಾಕ್ಸಿನ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವಂಥದ್ದು. ಎಣ್ಣೆ ಶಾಖ ಎಳೆದುಕೊಳ್ಳುತ್ತದೆ, ಹಾಗಾಗಿ ಘಾಟಿಯಲ್ಲಿ ಲಾರಿ ಹಿಂದೆ ತೆವಳುವಾಗ ಅಷ್ಟು ಭಯ ಇಲ್ಲ. ನೀವು ನೋಡಿರುವುದು 2021ರದು ಅಂದರೆ ಇದೇ. ಯಾವುದಾದರೂ ಸರಿ, ಏರಿನಲ್ಲಿ ಗಾಡಿಯನ್ನು ಆಕ್ಸಿಲೇಟರ್ ಮೇಲೆ ನಿಲ್ಲಿಸಿಕೊಳ್ಳಬೇಡಿ. ಬ್ರೇಕ್ ಒತ್ತಿ ನಿಲ್ಲಿ, ಮುಂದಿನ ಲಾರಿ ಎರಡು ಗಾಡಿ ಜಾಗ ಬಿಟ್ಟ ಮೇಲೆ ಒಮ್ಮೆಗೇ ಹೋಗಿ. ಇಂಚಿಂಚು ತೆವಳಿಸಿದರೆ ಕ್ಲಚ್ ಸವೆಯುತ್ತದೆ.

ಹಿಂದಿನ ಸೀಟಿನಲ್ಲಿ ನಿಮ್ಮಪ್ಪ ಕಾಲು ಚಾಚಿ ಕೂರಬಹುದು, ಉತ್ಪ್ರೇಕ್ಷೆ ಅಲ್ಲ. ಮುಂದಿನ ಸೀಟನ್ನು ಹಿಂದೆ ಕೂತವರೇ ಗುಂಡಿ ಒತ್ತಿ ಮುಂದಕ್ಕೆ ತಳ್ಳಬಹುದು. ಮಂಡಿ ಮಡಚಲಾಗದವರಿಗೆ ಇದು ದೊಡ್ಡ ಅನುಕೂಲ: ಮೊದಲು ಕೂತು, ಆಮೇಲೆ ಎರಡೂ ಕಾಲು ಜೋಡಿಸಿ ಒಳಗೆ ತಂದುಕೊಳ್ಳಬಹುದು. ಡಿಕ್ಕಿ 625 ಲೀಟರ್, ಕ್ಯಾಮ್ರಿಯದು 524. ವಾಕರ್, ಮಡಚುವ ಗಾಲಿಕುರ್ಚಿ ಎರಡೂ ಹಿಡಿಯುತ್ತದೆ. ಒಂದು ಎಚ್ಚರ. ಇದರ ಡಿಕ್ಕಿ ಬಾಗಿಲು ಹಿಂದಿನ ಗಾಜಿನ ಸಮೇತ ಮೇಲಕ್ಕೆ ಎದ್ದು ನಿಲ್ಲುತ್ತದೆ. ನಮ್ಮ ಹಂಚಿನ ಶೆಡ್ಡಿನ ಜಂತೆಗೆ ತಗಲಿ ಬಣ್ಣ ಕಿತ್ತಿದ್ದು ಗಾಡಿ ತಂದ ಎರಡನೇ ದಿನವೇ. ಶೆಡ್ ಅಳೆದುಕೊಳ್ಳಿ. ಮುಂದಿನ ಬಾಗಿಲ ಒಳಗೆ ಕೊಳವೆಯಂಥ ಜಾಗದಲ್ಲಿ ಛತ್ರಿ ಇರುತ್ತದೆ, ನಮ್ಮೂರ ಮಳೆಗೆ ಹೇಳಿ ಮಾಡಿಸಿದ್ದು. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಅದು ಇದೆಯಾ ನೋಡಿ. ನಮ್ಮದು ಮಾವನವರ ಮನೆಯಲ್ಲಿದೆ, ಕೇಳೋದು ಹೇಗೆ?

ಮೈಲೇಜ್ ಅಂತ ಎಲ್ಲರೂ ಬಾಯಿ ಬಡಿದುಕೊಳ್ಳುತ್ತಾರೆ, ಲೆಕ್ಕ ಹಾಕೋಣ. ನನಗೆ ಸಿಗುವುದು 12, ಕ್ಯಾಮ್ರಿಯವರಿಗೆ 17 ಅಂತಿಟ್ಟುಕೊಳ್ಳಿ. ನಿಮ್ಮ 12,000 ಕಿಮೀಗೆ ನನಗೆ 1,000 ಲೀಟರ್, ಅವರಿಗೆ 706. ಲೀಟರಿಗೆ 102 ರೂಪಾಯಿ ಹಿಡಿದರೆ ವರ್ಷಕ್ಕೆ 30,000 ರೂಪಾಯಿ ವ್ಯತ್ಯಾಸ. ಕಡಿಮೆ ದುಡ್ಡಲ್ಲ, ಆದರೆ ಇಂಥ ಕಾರಿನ ಒಂದು ಮುಂದಿನ ಗಾಜು, ಎರಡು ಟೈರಿಗೆ ಅದು ಎಲ್ಲಿಗೂ ಸಾಲಲ್ಲ.

ಸಕಲೇಶಪುರದವರು ಮತ್ತೆ

ಮೈಲೇಜ್ 17.5, ಅರ್ಧ ಯಾಕೆ ಕದ್ದಿರಿ! ಟೈರ್ ಅಂದಿರಲ್ಲ, ಅದನ್ನು ಹೇಳುವುದು ಮರೆತಿದ್ದೆ. ನನ್ನದು 235/45 ಆರ್18. ನಿಮ್ಮದು?

ಚಿಕ್ಕಮಗಳೂರಿನವರು

215/55 ಆರ್17.

ಸಕಲೇಶಪುರದವರು

ನೋಡಿ ಹಾಗಾದರೆ. 235ರ 45 ಪರ್ಸೆಂಟ್ ಅಂದರೆ ನನ್ನ ಟೈರಿನ ಪಕ್ಕದ ಗೋಡೆ 106 ಎಂಎಂ, ನಿಮ್ಮದು 118. ಒಂದು ಬೆರಳಗಲ ಹೆಚ್ಚು ರಬ್ಬರ್. ನಮ್ಮ ಕಡೆ ಗುಂಡಿಗೆ ಆ ಬೆರಳಗಲವೇ ಪ್ರಾಣ. ಹಾನುಬಾಳು ರಸ್ತೆಯಲ್ಲಿ ನೀರು ತುಂಬಿದ ಗುಂಡಿಗೆ ಬಿದ್ದು ನನ್ನ ಒಂದು ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಬುಗುಟು ಎದ್ದಿತ್ತು. ಬುಗುಟು ಬಂದ ಟೈರನ್ನು ಪ್ಯಾಚ್ ಹಾಕಿ ಓಡಿಸುವ ಹಾಗಿಲ್ಲ, ಎಸೆಯಲೇಬೇಕು.

ಬೇಲೂರಿನಿಂದ

ಇಷ್ಟೆಲ್ಲಾ ಯಾಕೆ, ಇನ್ನೋವಾ ತಗೊಳ್ಳಿ.

ಮೂಡಿಗೆರೆ ಕಡೆಯವನು

ಬಂದೇ ಬರುತ್ತೆ ಅಂತ ಕಾಯ್ತಾ ಇದ್ದೆ ಸಾರ್ 🙏

ಹಾಸನದಿಂದ, ಗ್ಯಾರೇಜ್ ಇಟ್ಟವರು

ಅಣ್ಣಾ, ಮೂವರೂ ಮಾಡೆಲ್ ಬಗ್ಗೆ ಮಾತಾಡ್ತಾ ಇದೀರ. ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ಮಾಡೆಲ್ ಅರ್ಧ, ಆ ಒಂದು ಗಾಡಿ ಅರ್ಧ. ಯಾರು ಓಡ್ಸಿದ್ರು, ಎಲ್ಲಿ ನಿಂತಿತ್ತು, ಅದು ಮುಖ್ಯ.

ಲಿಫ್ಟ್ ಮೇಲೆ ಎತ್ತಿಸಿ ಅಡಿ ನೋಡಿ. ಇವೆರಡೂ ಉದ್ದದ ಗಾಡಿ, 4.8 ಮೀಟರ್ ಮೇಲೆ ಐತೆ, ಚಕ್ರ ಚಕ್ರದ ಮಧ್ಯೆ 2.8 ಮೀಟರ್. ಹಂಪ್ ಮೇಲೆ ಮುಂದಿನ ಚಕ್ರ ಇಳಿದ ಮೇಲೆ ಹೊಟ್ಟೆ ತಗಲುತ್ತೆ. ಅಡಿಯ ಪ್ಲಾಸ್ಟಿಕ್ ತಟ್ಟೆ ಒಡೆದಿದ್ರೆ, ಸ್ಕ್ರೂ ಬದಲು ತಂತಿ ಕಟ್ಟಿದ್ರೆ, ಆ ಗಾಡಿ ಯಾವ ರಸ್ತೇಲಿ ಓಡೈತೆ ಅಂತ ಅದೇ ಹೇಳುತ್ತೆ. ಹಂಪ್‌ಗೆ ಓರೆಯಾಗಿ ಹತ್ಸಿ, ಒಂದೊಂದೇ ಚಕ್ರ ಏರ್ಲಿ, ಅರ್ಧ ತೊಂದರೆ ಕಮ್ಮಿ.

ಸೀಟ್ ಬೆಲ್ಟ್ ಪೂರಾ ಎಳೀರಿ, ಕೊನೇವರ್ಗೂ. ಒಳಗಿನ ಭಾಗದಲ್ಲಿ ಮಣ್ಣಿನ ಗೆರೆ ಇದ್ರೆ ನೀರಲ್ಲಿ ಮುಳುಗಿದ ಗಾಡಿ. ಸೀಟ್ ತೊಳೀತಾರೆ, ಕಾರ್ಪೆಟ್ ಬದಲಾಯಿಸ್ತಾರೆ, ಬೆಲ್ಟ್ ಒಳಗಡೆ ಯಾರೂ ತೊಳೆಯಲ್ಲ. ಹೈಬ್ರಿಡ್ ಆದ್ರೆ ಬ್ಯಾಟರಿ ಸೀಟ್ ಅಡಿ ಇರೋದ್ರಿಂದ ಇದು ಇನ್ನೂ ಮುಖ್ಯ.

ಇಲಿ. ನಗಬೇಡಿ. ತೋಟದ ಮನೆ ಗಾಡಿಗಳಲ್ಲಿ ನನ್ ಹತ್ರ ಬರೋ ಅರ್ಧ ಕೆಲಸ ಇಲೀದೇ. ಹಳೇ ಗಾಡಿ ಆದ್ರೆ ವೈರ್ ಜೋಡ್ಸಿ ಟೇಪ್ ಸುತ್ತಿ ಕಳಿಸ್ತಿದ್ದೆ. ಇವುಗಳಲ್ಲಿ ವೈರಿಂಗ್ ಒಟ್ಟಾಗಿ ಒಂದೇ ಸೆಟ್, ಅದರಲ್ಲೂ ಕಿತ್ತಳೆ ಬಣ್ಣದ ವೈರ್ ಕಂಡ್ರೆ ಮುಟ್ಟೋದೇ ಇಲ್ಲ, ಹೈಬ್ರಿಡ್‌ನಲ್ಲಿ ಅದು ಹೈ ವೋಲ್ಟೇಜ್. ಬಾನೆಟ್ ಎತ್ತಿ ಹಿಕ್ಕೆ ಇದೆಯಾ, ಹೊಸ ಟೇಪ್ ಸುತ್ತಿದೆಯಾ ನೋಡಿ.

ಕೊನೇದಾಗಿ, ಸರ್ವಿಸ್ ಸೆಂಟರಿಗೆ ಫೋನ್ ಮಾಡಿ "ನಿಮ್ಮಲ್ಲಿ ಸರ್ವಿಸ್ ಇದೆಯಾ" ಅಂತ ಕೇಳ್ಬೇಡಿ, ಇದೆ ಅಂತಾನೇ ಅಂತಾರೆ. "ಈ ಮಾಡೆಲ್ ಮುಂದಿನ ಗಾಜು ಆರ್ಡರ್ ಹಾಕಿದ್ರೆ ಎಷ್ಟು ದಿನಕ್ಕೆ ಬರುತ್ತೆ" ಅಂತ ಕೇಳಿ. ಉತ್ತರ ಕೊಡೋ ಧ್ವನಿಯಲ್ಲೇ ಗೊತ್ತಾಗುತ್ತೆ.

ಕಡೂರಿನಿಂದ

ಪೇಪರ್ ವಿಷಯ ಯಾರೂ ಎತ್ತಲಿಲ್ಲ. ದೆಹಲಿ, ಕೇರಳದ ಗಾಡಿ ನಾಲ್ಕು ಲಕ್ಷ ಕಡಿಮೆಗೆ ಸಿಕ್ಕಿತು ಅಂತ ನಾನು ಹಾರಿದ್ದೆ. ಆ ಕಡೆಯ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ಬಂದು ವಯಸ್ಸು ನೋಡಿ ಜೀವಿತಾವಧಿ ತೆರಿಗೆ ಮತ್ತೆ ಕಟ್ಟಬೇಕು. ನಮ್ಮಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ತೆರಿಗೆಯೇ 18 ಪರ್ಸೆಂಟ್, ಮೇಲೆ ಸೆಸ್. ಹಳತಾದಂತೆ ಇಳಿಯುತ್ತದೆ ನಿಜ, ಆದರೂ ನನ್ನ ನಾಲ್ಕು ಲಕ್ಷದ ಲಾಭದಲ್ಲಿ ಉಳಿದದ್ದು ಓಡಾಟದ ಸುಸ್ತು ಮಾತ್ರ. ಕೆಎ ನಂಬರಿನದಾದರೆ ಫಾರಂ 29, 30ರಲ್ಲಿ ಹೆಸರು ಬದಲಾವಣೆ ಸಾಕು. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಹೆಸರು ಆರ್‌ಸಿಯಿಂದ ತೆಗೆಸಿದ ಮೇಲೆಯೇ ದುಡ್ಡು ಕೊಡಿ.

ಮೂಡಿಗೆರೆ ಕಡೆಯವನು, ಹದಿನೈದು ದಿನದ ಮೇಲೆ

ಎಲ್ಲರಿಗೂ ಧನ್ಯವಾದ. ಅಪ್ಪನನ್ನು ಕರೆದುಕೊಂಡು ಹೋಗಿ ಎರಡನ್ನೂ ನೋಡಿದೆವು. ಮೊದಲು ಮನೆಯಲ್ಲಿ ಅವರು ಸಲೀಸಾಗಿ ಏಳುವ ಕುರ್ಚಿಯ ಎತ್ತರ ಟೇಪಿನಲ್ಲಿ ಅಳೆದುಕೊಂಡು ಹೋಗಿದ್ದೆ. ಎರಡೂ ಕಾರಿನ ಸೀಟು ಅದಕ್ಕಿಂತ ಸ್ವಲ್ಪ ಕೆಳಗೆ. ಒಂದು ಗಟ್ಟಿ ದಿಂಬು ಹಾಕಿದರೆ ಪರವಾಗಿಲ್ಲ.

ಕ್ಯಾಮ್ರಿಯಲ್ಲಿ ಒರಗಿ ಕೂತವರು ಏಳಲೇ ಒಪ್ಪಲಿಲ್ಲ, ಆದರೆ ಒಳಗೆ ಹೋಗುವಾಗ ತಲೆ ಬಗ್ಗಿಸಿ ಕಾಲೂ ಮಡಚಬೇಕಾಯ್ತು, ಅಲ್ಲಿ ಒಂದು ಸಲ "ಅಯ್ಯಪ್ಪಾ" ಅಂದರು. ಸೂಪರ್ಬ್‌ನಲ್ಲಿ ಚಿಕ್ಕಮಗಳೂರಿನವರು ಹೇಳಿದ ಹಾಗೆ ಮುಂದಿನ ಸೀಟು ತಳ್ಳಿ, ಕೂತು, ಎರಡೂ ಕಾಲು ಒಟ್ಟಿಗೆ ತಿರುಗಿಸಿ ತಂದುಕೊಂಡರು. ನಾನು ಕೈ ಕೊಡಲು ಹೋದರೆ ಬೇಡ ಅಂದರು. ಇನ್ನೊಬ್ಬರ ಸಹಾಯ ಇಲ್ಲದೆ ಅವರು ಕಾರು ಹತ್ತಿದ್ದು ನೋಡಿ ಒಂದು ವರ್ಷವೇ ಆಗಿತ್ತು.

ಇನ್ನು ಆ ಕ್ಯಾಮ್ರಿ. ಹಾಸನದಣ್ಣ ಹೇಳಿದ ಹಾಗೆ ಬೆಲ್ಟ್ ಎಳೆದೆ, ಗೆರೆ ಇರಲಿಲ್ಲ. ಆದರೆ ಸರ್ವಿಸ್ ದಾಖಲೆ 48,000 ಕಿಮೀಗೆ ನಿಂತಿತ್ತು, ಮೀಟರ್ 61,000 ತೋರಿಸುತ್ತಿತ್ತು, ಎರಡನೇ ಕೀ "ಓನರ್ ಹತ್ರ ಇದೆ, ಕೊಡಿಸ್ತೀವಿ". ಕೊಡಿಸಲಿ, ಆಮೇಲೆ ನೋಡೋಣ ಅಂದುಬಿಟ್ಟೆ. ಸೂಪರ್ಬ್‌ನ ದಾಖಲೆ ಪೂರ್ತಿ ಇದೆ, ಅಡಿಯ ತಟ್ಟೆಯೂ ಗಟ್ಟಿ ಇದೆ. ಛತ್ರಿ ಇಲ್ಲ.

ಮಾರುವವರನ್ನೂ ಕೂರಿಸಿಕೊಂಡು ಸೂಪರ್ಬ್ ಅನ್ನು ಮನೆತನಕ ತಂದೆವು, ನಾಲ್ಕು ಜನ. ಕೊಟ್ಟಿಗೆಹಾರದ ತನಕ ಹೋಗಿ ನೀರ್ ದೋಸೆ ತಿಂದು ವಾಪಸ್ ಬಂದಾಗಲೂ ಎಲ್ಲಾ ಚೆನ್ನಾಗಿತ್ತು. ನಮ್ಮ ಗೇಟಿನ ಹತ್ತಿರದ ಮೋರಿ ಮೇಲೆ, ಓರೆಯಾಗಿಯೇ ಹತ್ತಿಸಿದರೂ, ಕರ್ ಅಂತ ಹೊಟ್ಟೆ ಉಜ್ಜಿತು. ಮಾರುವವರ ಮುಖ ಸಣ್ಣಗಾಯ್ತು. ಇಬ್ಬರನ್ನು ಇಳಿಸಿ ಹತ್ತಿಸಿದರೆ ತಗಲಲಿಲ್ಲ. ಕ್ಯಾಮ್ರಿ ತಂದಿದ್ದರೂ ಉಜ್ಜುತ್ತಿತ್ತು ಬಿಡಿ, ಜೀಪಿಗೆ ಅಂತ ಕಟ್ಟಿದ ಮೋರಿ ಅದು.

ಅಪ್ಪ ಮಾತ್ರ ಇಳಿಯದೆ ಹಿಂದೆ ಕೂತೇ ಹೇಳಿದರು: "ತೋಟದ ರೈಟರಿಗೆ ಹೇಳಿ ನಾಳೆ ಎರಡು ಲೋಡ್ ಜಲ್ಲಿ ತರಿಸು."