ಅನ್ಯೋನ್ಯತೆಯ ಊಟದ ದಿನ ಕೊಪ್ಪರಿಗೆ ಉಜ್ಜುವವರು ಯಾರು?

ಗಡಿನಾಡ ಸಭಿಕೆ:
ನಮ್ಮದು ಮಂಜೇಶ್ವರ ತಾಲೂಕಿನ ಒಂದು ಸಣ್ಣ ಕ್ರೈಸ್ತ ಸಭೆ. ಕಳೆದ ಬೆಳೆಹಬ್ಬದ ದಿನ ಆರಾಧನೆಯೂ ಅಡಿಕೆ, ಬಾಳೆಗೊನೆ, ತೆಂಗಿನಕಾಯಿಗಳ ಏಲಂ ಕೂಡ ಮುಗಿದು ಎಲ್ಲರೂ ಊಟಕ್ಕೆ ಕುಳಿತಾಗ, ನಾನು ಮತ್ತು ಎಪ್ಪತ್ತು ದಾಟಿದ ಒಬ್ಬ ದೊಡ್ಡಮ್ಮ ಹಿಂದಿನ ನಳ್ಳಿಯ ಬಳಿ ಅನ್ನದ ಕೊಪ್ಪರಿಗೆ ಉಜ್ಜುತ್ತಿದ್ದೆವು. ತಳ ಹಿಡಿದದ್ದನ್ನು ಅವರು ಗೆರಟೆಯಿಂದ ಕೆರೆಯುತ್ತಿರುವಾಗಲೇ ಮುಂದಿನ ಅಂಗಳದಲ್ಲಿ ಸಭೆಯವರೆಲ್ಲರ ಫೋಟೊ ತೆಗೆದಾಯಿತು. ನಾವು ಎಲೆಯ ಮುಂದೆ ಕುಳಿತಾಗ ಉಳಿದಿದ್ದುದು ಅನ್ನ ಮತ್ತು ತಿಳಿಸಾರು. ದೊಡ್ಡಮ್ಮ ಏನೂ ಹೇಳದೆ ಉಂಡರು. ನನಗೆ ಮಾತ್ರ ಅನ್ನ ಇಳಿಯಲಿಲ್ಲ. ಗುಡಿಸುವುದಿರಲಿ, ಬೇಯಿಸುವುದಿರಲಿ, ವರ್ಷಗಳಿಂದ ಅದೇ ಆರೇಳು ಮಂದಿ. ಇದನ್ನು ಸಮಿತಿಯ ಮುಂದಿಟ್ಟರೆ ಲೂಕ 10ರಲ್ಲಿ ಮಾರ್ಥಳಿಗೆ ಸಿಕ್ಕ ಉತ್ತರವೇ ನನಗೂ ಸಿಗುವುದೆಂಬ ಅಳುಕಿದೆ: ತಂಗಿ ಮರಿಯಳು ಕೆಲಸವನ್ನೆಲ್ಲ ತನ್ನೊಬ್ಬಳ ಮೇಲೆ ಬಿಟ್ಟಳೆಂದು ಅವಳು ದೂರಿದಾಗ, ಕುಳಿತು ವಾಕ್ಯ ಕೇಳುವ ಮರಿಯಳೇ ಒಳ್ಳೆಯ ಭಾಗವನ್ನು ಆರಿಸಿಕೊಂಡಳೆಂದು ಯೇಸು ಹೇಳಿದನಲ್ಲ. ಹೇಳುವುದು ಸರಿಯೇ?

ಕುಂಬಳೆಯ ನಿವೃತ್ತ ಉಪದೇಶಿ:
ಅವಶ್ಯವಾಗಿ ಹೇಳಿ, ತಂಗಿ. ಬೈಬಲಿನ ಅಪೊಸ್ತಲರ ಕೃತ್ಯಗಳು 6ನೆಯ ಅಧ್ಯಾಯ ಆರಂಭವಾಗುವುದೇ ಒಂದು ಗೊಣಗಾಟದಿಂದ. ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಗ್ರೀಕ್ ಮಾತನಾಡುವ ಯೆಹೂದ್ಯರು ದೂರಿದಾಗ, ಅಪೊಸ್ತಲರು ಅವರ ಬಾಯಿ ಮುಚ್ಚಿಸದೆ, ಏಳು ಮಂದಿಯನ್ನು ಆರಿಸಿಕೊಳ್ಳಿರೆಂದು ಇಡೀ ಸಭೆಗೆ ಹೇಳಿದರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ ಎಂಬುದನ್ನು ಗಮನಿಸಬೇಕು. ಇನ್ನೊಂದು ಮಾತು: ಅಲ್ಲಿ ಊಟದ ಹಂಚಿಕೆಗೂ ವಾಕ್ಯೋಪದೇಶಕ್ಕೂ ಗ್ರೀಕ್ ಮೂಲದಲ್ಲಿರುವುದು ‘ದಿಯಾಕೊನಿಯಾ’, ಅಂದರೆ ಸೇವೆ, ಎಂಬ ಒಂದೇ ಪದ. ಪ್ರಸಂಗ ಪೀಠವನ್ನು ಮೇಲೆ, ಒಲೆಯನ್ನು ಕೆಳಗೆ ಇಟ್ಟವರು ನಾವು. ನನ್ನ ಸೇವಾವಧಿಯಲ್ಲಿ ನಾನೂ ಇಟ್ಟಿದ್ದೇನೆ. ನಾವು ‘ಅನ್ಯೋನ್ಯತೆ’ ಎನ್ನುವ ‘ಕೊಯಿನೋನಿಯಾ’ ಪದವನ್ನು ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 15:26ರಲ್ಲಿ ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣಕ್ಕೇ ಬಳಸುತ್ತಾನೆ. ನಿಮ್ಮ ತಿಳಿಸಾರಿನ ವಿಷಯಕ್ಕಾದರೋ 1 ಕೊರಿಂಥ 11ನ್ನು ಸಮಿತಿಯಲ್ಲಿ ಓದಿಸಿ. ಒಬ್ಬನು ಹಸಿದಿರುವಾಗ ಇನ್ನೊಬ್ಬನು ಮೊದಲೇ ಉಂಡು ಮುಗಿಸುವುದನ್ನು ಖಂಡಿಸಿದ ಪೌಲನು, ಒಬ್ಬರಿಗೊಬ್ಬರು ಕಾದುಕೊಳ್ಳಿರೆಂದು 33ನೆಯ ವಚನದಲ್ಲಿ ಸ್ಪಷ್ಟವಾಗಿ ಹೇಳುತ್ತಾನೆ.

ಚಂದ್ರಗಿರಿ ತೀರದವನು:
1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಅನೇಕ ಮನೆಗಳ ಮಕ್ಕಳು ಮಲಯಾಳ ಮಾಧ್ಯಮದಲ್ಲೇ ಓದಿದವರು. ಕನ್ನಡ ಕೀರ್ತನೆ ಪುಸ್ತಕವನ್ನು ಓದಲಾಗದೆ ಅವರು ಹಿಂದಿನ ಬೆಂಚಿನಲ್ಲಿ ಕುಳಿತು ಆಶೀರ್ವಾದವಾದೊಡನೆ ಹೊರಡುತ್ತಿದ್ದರು. ಒಂದು ಕ್ರಿಸ್ಮಸ್‌ಗೆ ಚಪ್ಪರ ಕಟ್ಟಲು ಕರೆದೆವು. ಹಗ್ಗ ಬಿಗಿಯುತ್ತಾ ಕನ್ನಡ, ತುಳು, ಮಲಯಾಳ ಎಲ್ಲವನ್ನೂ ಬೆರೆಸಿ ಅವರು ಹಿರಿಯರೊಡನೆ ಆಡಿದ ಮಾತನ್ನು ನಾನು ಅದುವರೆಗೆ ಸಭೆಯೊಳಗೆ ಕೇಳಿರಲಿಲ್ಲ. ಆದುದರಿಂದ ನಿಮ್ಮಲ್ಲಿ ಯಾರು ಬೇಗ ಮನೆಗೆ ಹೋಗುತ್ತಾರೆ, ಏಕೆ ಹೋಗುತ್ತಾರೆ ಎಂಬುದನ್ನು ಮೊದಲು ನೋಡಿ.

ಸೌಟು ಸಿಗದವನು:
ಕಹಿಯಾದರೂ ಹೇಳುತ್ತೇನೆ, ಅಕ್ಕ. ನಮ್ಮ ಸಭೆಯಲ್ಲಿ ಸಹಾಯಕ್ಕೆಂದು ಎರಡು ಬಾರಿ ಅಡುಗೆ ಕೋಣೆಗೆ ಹೋದವನು ನಾನು. ಮೊದಲ ಬಾರಿ ಈರುಳ್ಳಿ ದಪ್ಪವಾಯಿತೆಂದು ಕತ್ತಿ ಕಸಿದುಕೊಂಡರು. ಎರಡನೆಯ ಬಾರಿ, “ಉಪ್ಪಿನ ಅಂದಾಜು ನಿಮಗೆ ಎಲ್ಲಿ ತಿಳಿಯಬೇಕು” ಎಂದು ನಕ್ಕರು. ಮೂರನೆಯ ಬಾರಿ ನಾನೂ ಫೋಟೊಕ್ಕೆ ನಿಂತೆ. ದುಡಿಯುವವರು ಆರೇಳು ಮಂದಿಯಾಗಿಯೇ ಉಳಿಯುವುದರಲ್ಲಿ ಆ ಆರೇಳು ಮಂದಿಯ ಪಾಲೂ ಇರಬಹುದಲ್ಲವೇ?

ಗಡಿನಾಡ ಸಭಿಕೆ:
ಉಪ್ಪಿನ ಮಾತನ್ನು ನಾನೂ ಒಬ್ಬರಿಗೆ ಆಡಿದ್ದೇನೆ; ಓದುವಾಗ ಮುಖ ಬಿಸಿಯಾಯಿತು. ಸಮಿತಿಗೆ ಪತ್ರ ಬರೆಯುವುದಂತೂ ಖಂಡಿತ, ಬಡಿಸಿದವರು ಬಂದು ಕೂರುವವರೆಗೆ ಕಡೆಯ ಪಂಕ್ತಿಗೆ ಪದಾರ್ಥ ತೆಗೆದಿಡಬೇಕೆಂದು. ಅದಕ್ಕೂ ಮೊದಲು ಅಂದು ನನ್ನ ಆ ಮಾತಿಗೆ ಈರುಳ್ಳಿ ಬಿಟ್ಟು ಹೋದವರ ಮನೆಗೆ ಹೋಗಬೇಕಾಗಿದೆ. ದೊಡ್ಡಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ನೂರು ಮಂದಿಗೆ ಅಕ್ಕಿ ಎಷ್ಟು, ಉಪ್ಪು ಎಷ್ಟು ಎಂಬುದು ಅವರ ಕೈಯಳತೆಯಲ್ಲಿ ಮಾತ್ರ ಇದೆ. ಈ ಶನಿವಾರ ಅವರು ಕುರ್ಚಿಯಲ್ಲಿ ಕುಳಿತು ಹೇಳುತ್ತಾರಂತೆ, ನಾನು ಬರೆದು ಅಡುಗೆ ಕೋಣೆಯ ಗೋಡೆಗೆ ಅಂಟಿಸುತ್ತೇನೆ.